ಹಳ್ಳಕ್ಕೆ ಬಿಟ್ಟ ನೀರು

ಮೊದಲ ಸಲ ಮೀನನ್ನು ಕೈಯಲ್ಲಿ ಹಿಡಿದಾಗ ನನಗೆ ಮೂವತ್ತು ದಾಟಿತ್ತು. ನಮ್ಮದು ಬಾಗಲಕೋಟೆ ಕಡೆಯ ಲಿಂಗಾಯತರ ಮನೆ. ಮನೆಯೊಳಗೆ ಮೀನು ಎಂಬ ಮಾತು ಬರುತ್ತಿದ್ದದ್ದು ಪಂಚಾಂಗದ ಮೀನರಾಶಿಯ ಜೊತೆ ಮಾತ್ರ. ಹುಬ್ಬಳ್ಳಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ, ಕಾಲುವೆ ಕೆಲಸಗಳ ನಕ್ಷೆ ಬರೆಯುವ ಕಚೇರಿಯಲ್ಲಿ ಕೆಲಕಾಲ ಇದ್ದು, ತುಮಕೂರಿನವರೊಬ್ಬರನ್ನು ಮದುವೆಯಾಗಿ ಸಿಯಾಟಲ್‌ಗೆ ಬಂದೆ. ಬಂದ ಹೊಸದರಲ್ಲಿ ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಸಿಯಾಟಲ್ ಪಕ್ಕದ ನ್ಯೂಕ್ಯಾಸಲ್‌ನ ಮನೆಯ ಅಡುಗೆಮನೆ ಕಿಟಕಿಯಿಂದ ಮಳೆ ನೋಡುತ್ತ ಕೂತು ಬೇಸತ್ತು, ಯೂನಿವರ್ಸಿಟಿ ಡಿಸ್ಟ್ರಿಕ್ಟ್‌ಗೆ ಬಸ್ಸಿನಲ್ಲಿ ಓಡಾಡಿ ನೀರಿನ ವಿಷಯದಲ್ಲೇ ಇನ್ನೊಂದು ಪದವಿ ಮುಗಿಸಿದೆ. ಎರಡು ಸಾವಿರದ ದಶಕದ ಮೊದಲ ವರ್ಷಗಳು ಅವು. ಪದವಿಯ ಕೊನೆಗೆ ಅಲ್ಲೇ ಹತ್ತಿರದ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು.

ಮೀನುಗಳು ಬದುಕುವ ಹಳ್ಳಗಳು ಬೇಸಿಗೆಯಲ್ಲಿ ಬತ್ತದಂತೆ ನೋಡಿಕೊಳ್ಳುವುದು ಆ ಸಂಸ್ಥೆಯ ಕೆಲಸ. ಹಳ್ಳದಿಂದ ನೀರು ತಿರುಗಿಸಿಕೊಳ್ಳುವ ರೈತರ, ದನ ಸಾಕುವ ರ‍್ಯಾಂಚಿನವರ ಮನೆಗೆ ಹೋಗಿ, ಸ್ವಲ್ಪ ನೀರನ್ನು ಹಳ್ಳದಲ್ಲೇ ಬಿಡುತ್ತೀರಾ ಎಂದು ಕೇಳಬೇಕು. ಅದಕ್ಕೆ ಬೇಕಾದ ಪೈಪು, ಬೇಲಿ, ಕಾಗದಪತ್ರ ನಾವು ನೋಡಿಕೊಳ್ಳುತ್ತೇವೆ ಎಂದು ಹೇಳಬೇಕು.

ಅವ್ವನಿಗೆ ಫೋನಿನಲ್ಲಿ ಇದನ್ನು ವಿವರಿಸುವುದೇ ಕಷ್ಟವಾಯಿತು.

"ಅಲ್ಲವಾ, ಅಷ್ಟ ಓದಿ, ಪರದೇಶಕ್ಕ ಹೋಗಿ, ಮೀನ ಕಾಯೂ ನೌಕರಿ ಹಿಡದೀ ಏನ?" ಅಂದಳು.

"ಮೀನ ಕಾಯೂದಲ್ಲಬೇ, ನೀರ ಕಾಯೂದು."

"ನೀರ ಕಾಯೂದಾದ್ರ ಇಲ್ಲೇ ಭಾಳ ಐತಿ, ಬಾ."

ಪಕ್ಕದಲ್ಲಿದ್ದ ನನ್ನವರು ನಗುತ್ತ, "ನೀರಗಂಟಿ ಕೆಲಸ ಅಂತ ಹೇಳು, ಅರ್ಥ ಆಗುತ್ತೆ," ಅಂದರು. ಅವರ ಊರಿನಲ್ಲಿ ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವವನಿಗೆ ಆ ಹೆಸರು. ಅವ್ವನಿಗೆ ಆ ಪದ ಗೊತ್ತಿರಲಿಲ್ಲ. ಆದರೆ ಅಂದಿನಿಂದ ನಮ್ಮ ಮನೆಯಲ್ಲಿ ನನ್ನ ಹುದ್ದೆಗೆ ಅದೇ ಹೆಸರು ನಿಂತುಹೋಯಿತು.

ಕೆಲಸ ಸಿಕ್ಕಿದ ವರ್ಷವೇ ನನಗೆ ಒಂದು ರ‍್ಯಾಂಚನ್ನು ವಹಿಸಿದರು. ಮನೆಯಿಂದ ಹೆದ್ದಾರಿ ಹಿಡಿದು ಬೆಟ್ಟದ ಸಾಲು ದಾಟಿ ಆಚೆ ಇಳಿಯಬೇಕು. ಈಚೆ ಕಡೆ ಪಾಚಿ ಹಿಡಿದ ಮರಗಳು, ಸದಾ ತೊಟ್ಟಿಕ್ಕುವ ಮಳೆ. ಕಣಿವೆ ದಾಟಿದ್ದೇ ಬಿಸಿಲು, ಒಣ ಗುಡ್ಡ, ಅಲ್ಲೊಂದು ಇಲ್ಲೊಂದು ಪೈನ್ ಮರ. ಮೊದಲ ಸಲ ಆ ಬಿಸಿಲಿಗೆ ಇಳಿದಾಗ ಕಾರು ನಿಲ್ಲಿಸಿ ಕೆಳಗಿಳಿದು ನಿಂತುಬಿಟ್ಟಿದ್ದೆ. ಒಣ ಮಣ್ಣಿನ ವಾಸನೆ ಮೂಗಿಗೆ ಬಂದು ವರ್ಷಗಳೇ ಆಗಿದ್ದವು.

"ಆಕೆ ಒಪ್ಪಲ್ಲ. ಆದ್ರೂ ಒಂದ್ಸಲ ಹೋಗಿ ಮಾತಾಡು," ಎಂದು ನಮ್ಮ ಕಚೇರಿಯ ಹಿರಿಯರು ಹೇಳಿ ಕಳಿಸಿದ್ದರು.

ರ‍್ಯಾಂಚಿನ ಒಡತಿಗೆ ಎಪ್ಪತ್ತು ದಾಟಿತ್ತು. ಗಂಡ ತೀರಿಕೊಂಡಿದ್ದರು. ಎತ್ತರದ ಆಳು, ಮಾಸಿದ ಜೀನ್ಸು, ನೆಟ್ಟಗಿನ ನಡಿಗೆ. ಇಬ್ಬರು ಕೆಲಸದವರನ್ನಿಟ್ಟುಕೊಂಡು ದನ ಸಾಕುತ್ತಿದ್ದಳು, ತಿಮೋತಿ ಎಂಬ ಜಾತಿಯ ಹುಲ್ಲು ಬೆಳೆದು ಕೊಯ್ದು ಒಣಗಿಸಿ ಮಾರುತ್ತಿದ್ದಳು. ಆಕೆಯೆದುರು ಅಲ್ಲಿನ ರೂಢಿಯಂತೆ ಹೆಸರು ಹಿಡಿದೇ ಕರೆಯುತ್ತಿದ್ದೆ. ಮನೆಗೆ ಬಂದರೆ ನನ್ನ ಬಾಯಲ್ಲಿ ಆಕೆ 'ಹಳ್ಳದ ಅಜ್ಜಿ'. ಇಲ್ಲಿಯೂ ಅಜ್ಜಿ ಎಂದೇ ಬರೆಯುತ್ತೇನೆ.

ಆ ಸೀಮೆಯ ನೀರಿನ ಕಾನೂನು ಅರ್ಥವಾಗುವುದು ಕಷ್ಟವಲ್ಲ. ಮೊದಲು ಬಂದವರಿಗೆ ಮೊದಲು ನೀರು. ಅಜ್ಜಿಯ ತಾತ ಕುದುರೆ ಕಟ್ಟಿ ಕಾಲುವೆ ತೋಡಿದಾಗ ಆ ಹಳ್ಳದ ಮೇಲೆ ಬೇರೆ ಯಾರೂ ಇರಲಿಲ್ಲ. ಹಾಗಾಗಿ ಅಜ್ಜಿಯದೇ ಎಲ್ಲರಿಗಿಂತ ಹಿರಿಯ ಹಕ್ಕು. ನೀರು ಕಡಿಮೆಯಾದ ವರ್ಷ ಕಿರಿಯ ಹಕ್ಕಿನವರು ಮೊದಲು ತಮ್ಮ ಕಾಲುವೆಯ ಬಾಯಿಯ ಗೇಟು ಮುಚ್ಚಬೇಕು, ಆಕೆ ಕೊನೆಗೆ. ಇದರ ಜೊತೆ ಇನ್ನೊಂದು ನಿಯಮವೂ ಇತ್ತು. ಹಕ್ಕಿನ ನೀರನ್ನು ಕೆಲವು ವರ್ಷ ಬಳಸದೆ ಬಿಟ್ಟರೆ ಹಕ್ಕೇ ಹೋಗುತ್ತದೆ. ಆದ್ದರಿಂದ ಬೇಕಿರಲಿ ಬೇಡದಿರಲಿ ಎಲ್ಲರೂ ತಮ್ಮ ಪಾಲನ್ನು ಪೂರ್ತಿ ಎಳೆದುಕೊಳ್ಳುತ್ತಿದ್ದರು. ಆಗಸ್ಟ್ ಬಂತೆಂದರೆ ಅಜ್ಜಿಯ ಗೇಟಿನ ಕೆಳಗೆ ಹಳ್ಳದಲ್ಲಿ ಬರೀ ಕಲ್ಲು.

ಮೊದಲ ದಿನ ಆಕೆ ಬಾಗಿಲಲ್ಲೇ ನಿಂತು ಕೇಳಿದಳು. "ಸಿಯಾಟಲ್‌ನಿಂದ ನನ್ನ ನೀರು ತಗೊಂಡ್ ಹೋಗೋಕೆ ಬಂದಿದೀಯಾ?"

"ಇಲ್ಲ. ನೀರು ಇಲ್ಲೇ ಇರುತ್ತೆ. ಸ್ವಲ್ಪ ಹಳ್ಳದಲ್ಲೇ ಬಿಡೋಕಾಗುತ್ತಾ ಅಂತ ಕೇಳೋಕೆ ಬಂದೆ."

"ಯಾರಿಗೆ?"

"ಮೀನಿಗೆ."

"ನೀನು ಮೀನು ತಿಂತೀಯಾ?"

"ಇಲ್ಲ. ಮುಟ್ಟಿ ಕೂಡ ಇಲ್ಲ."

ಆಕೆ ಜೋರಾಗಿ ನಕ್ಕಳು. ಒಳಗೆ ಕರೆದು ಕಾಫಿ ಕೊಟ್ಟಳು. ನಿನ್ನ ಊರಿನಲ್ಲಿ ನೀರು ಹೇಗೆ ಎಂದು ಕೇಳಿದಳು. ನಮ್ಮಪ್ಪನ ಹೊಲ ಕಾಲುವೆಯ ಕೊನೆಯಲ್ಲಿದೆ, ಮೇಲಿನವರದು ಆದ ಮೇಲೆ ನಮಗೆ ಎಂದೆ.

"ಮೇಲಿನವರು ಬಿಡ್ತಿದ್ರಾ?"

"ಕೆಲವು ಸಲ. ಇಲ್ಲ ಅಂದ್ರೆ ಅಪ್ಪ ಕಾಲುವೆ ಗುಂಟ ಮೇಲಕ್ಕೆ ನಡ್ಕೊಂಡ್ ಹೋಗಿ ಕೇಳ್ತಿದ್ರು."

"ಜಗಳ ಆಗ್ತಿತ್ತಾ?"

"ಆಗ್ತಿತ್ತು. ಆಮೇಲೆ ಅಲ್ಲೇ ಕೂತು ಚಹಾ ಕುಡಿದು ಬರ್ತಿದ್ರು."

ಆಕೆ ಏನೋ ಯೋಚಿಸುತ್ತ ನನ್ನ ಬಟ್ಟಲಿಗೆ ಇನ್ನಷ್ಟು ಕಾಫಿ ಸುರಿದಳು. ನೀರಿನ ಮಾತು ಮತ್ತೆ ಎತ್ತಲಿಲ್ಲ. ಹೊರಡುವಾಗ ಮಾತ್ರ, "ಹುಲ್ಲು ಕೊಯ್ದು ಮುಗಿದ ಮೇಲೆ ಬಾ," ಅಂದಳು.

ಹುಲ್ಲಿನ ಕೊಯ್ಲು ಮುಗಿದಾಗ ಆಗಸ್ಟ್. ಹಳ್ಳ ನಿಂತುಹೋಗಿತ್ತು. ಅಲ್ಲಲ್ಲಿ ಉಳಿದ ಗುಂಡಿಗಳ ನೀರಿನಲ್ಲಿ ಮರಿಮೀನುಗಳು ಸಿಕ್ಕಿಕೊಂಡಿದ್ದವು. ಅವು ಸ್ಟೀಲ್‌ಹೆಡ್ ಎಂಬ ಜಾತಿಯ ಮೀನಿನ ಮರಿಗಳು. ಈ ಮೀನು ಬೆಟ್ಟದ ಹಳ್ಳದಲ್ಲಿ ಹುಟ್ಟಿ, ಒಂದೆರಡು ವರ್ಷ ಅಲ್ಲೇ ಬೆಳೆದು, ನದಿ ಹಿಡಿದು ಸಮುದ್ರಕ್ಕೆ ಹೋಗುತ್ತದೆ. ದೊಡ್ಡದಾದ ಮೇಲೆ ಮೊಟ್ಟೆಯಿಡಲು ಅದೇ ಹಳ್ಳ ಹುಡುಕಿಕೊಂಡು ವಾಪಸ್ಸು ಬರುತ್ತದೆ. ಮೊದಲ ಬೇಸಿಗೆಯಲ್ಲೇ ಗುಂಡಿಯಲ್ಲಿ ಬೆಂದುಹೋದರೆ ಮುಂದಿನದೇನೂ ಇಲ್ಲ. ಮೀನು ಇಲಾಖೆಯ ಪರವಾನಗಿ ಇದ್ದ ನಾಲ್ಕಾರು ಜನ ಬಲೆ, ಬಕೆಟ್ಟು ಹಿಡಿದು ಅವನ್ನು ಮೇಲಿನ ಹರಿಯುವ ನೀರಿಗೆ ಸಾಗಿಸಲು ಬಂದಿದ್ದರು. ನಾನು ದಡದಲ್ಲಿ ನಿಂತು ನೀರಿನ ಬಿಸಿ ಅಳೆದು ಬರೆದುಕೊಳ್ಳುತ್ತಿದ್ದೆ.

ಒಂದು ಮರಿ ಬಲೆಯಿಂದ ಜಾರಿ ನನ್ನ ಕಾಲಿನ ಹತ್ತಿರ ಕಲ್ಲಿನ ಮೇಲೆ ಬಿತ್ತು. "ಕೈ ಒದ್ದೆ ಮಾಡ್ಕೊಂಡು ಎತ್ತಿ!" ಎಂದು ಯಾರೋ ಕೂಗಿದರು. ಯೋಚಿಸಲು ಸಮಯವಿರಲಿಲ್ಲ. ಎತ್ತಿದೆ. ಬೆರಳುದ್ದದ ಮೀನು. ಮೈಯ ಪಕ್ಕಕ್ಕೆ ಸಾಲಾಗಿ ಕಪ್ಪು ಮಚ್ಚೆಗಳು, ಯಾರೋ ಹೆಬ್ಬೆಟ್ಟು ಒತ್ತಿದ ಹಾಗೆ. ಅಂಟಂಟಾಗಿರುತ್ತದೆ, ವಾಕರಿಕೆ ಬರುತ್ತದೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಅದರ ಇಡೀ ಮೈ ನನ್ನ ಅಂಗೈಯಲ್ಲಿ ಮಿಡಿಯುತ್ತಿತ್ತು. ಬಕೆಟ್ಟಿಗೆ ಬಿಟ್ಟ ಮೇಲೂ ಆ ಮಿಡಿತ ಕೈಯಲ್ಲಿ ಉಳಿದಿತ್ತು. ಅಳತೆ ಬರೆಯುವ ಕೆಲಸವನ್ನು ಬೇರೆಯವರಿಗೆ ಕೊಟ್ಟು ಪ್ಯಾಂಟು ಮಡಚಿ ಗುಂಡಿಗಿಳಿದೆ.

ಅಜ್ಜಿ ಅಷ್ಟು ಹೊತ್ತೂ ಜೇಬಿನಲ್ಲಿ ಕೈಯಿಟ್ಟುಕೊಂಡು ದಡದ ಮೇಲೆ ನಿಂತಿದ್ದಳು. ಆಮೇಲೆ ಕಾಣಲಿಲ್ಲ. ಬೇಸರಪಟ್ಟು ಮನೆಗೆ ಹೋದಳೆಂದುಕೊಂಡೆ. ಸ್ವಲ್ಪ ಹೊತ್ತಿಗೆ ರಬ್ಬರ್ ಬೂಟು ಹಾಕಿಕೊಂಡು, ಎರಡೂ ಕೈಯಲ್ಲಿ ತಗಡಿನ ಬಕೆಟ್ಟು ಹಿಡಿದು ಇಳಿದು ಬಂದಳು.

"ಆ ಬೇರಿನ ಕೆಳಗೆ ನೋಡಿ. ತಂಪು ಇರೋದು ಅಲ್ಲಿ ಮಾತ್ರ. ಎಲ್ಲಾ ಅಲ್ಲೇ ಸೇರ್ಕೊಂಡಿರ್ತವೆ," ಅಂದಳು.

ನಿಜಕ್ಕೂ ಅಲ್ಲಿ ಬೊಗಸೆ ಬೊಗಸೆ ಮರಿಗಳಿದ್ದವು.

ಮಧ್ಯಾಹ್ನ ಅವಳ ಅಡುಗೆಮನೆಯಲ್ಲಿ ಎಲ್ಲರೂ ಕೂತಾಗ ಆಕೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ನಾನು ಸಣ್ಣವಳಿದ್ದಾಗ ಹುಲ್ಲುಗಾವಲಿಗೆ ನೀರು ಬಿಟ್ಟ ದಿನ ಮನೆ ಬೆಕ್ಕುಗಳೆಲ್ಲ ಹೋಗಿ ಬದುವಿನ ಮೇಲೆ ಕಾಯ್ತಾ ಕೂರ್ತಿದ್ವು. ನೀರಿನ ಜೊತೆ ಕಾಲುವೆಯಲ್ಲಿ ಮೀನು ಬಂದು ಹುಲ್ಲಿನ ಬುಡದಲ್ಲಿ ಒದ್ದಾಡ್ತಿದ್ವು. ನಾನು, ನನ್ನ ತಮ್ಮ ಆರಿಸಿ ಆರಿಸಿ ಬೆಕ್ಕಿಗೆ ಹಾಕ್ತಿದ್ವಿ. ನಮಗೆ ಅದು ಆಟ." ಬಟ್ಟಲು ಕೆಳಗಿಟ್ಟು, "ಈಗ ನೀರು ಬಿಟ್ರೆ ಬೆಕ್ಕುಗಳು ಹೋಗೋದೇ ಇಲ್ಲ. ಯಾಕೆ ಅಂತ ನಾನು ಯಾವತ್ತೂ ಯೋಚನೆ ಮಾಡಿರ್ಲಿಲ್ಲ," ಅಂದಳು.

ಆಮೇಲೆ ಆಕೆಯೇ ಕೇಳಿದಳು, "ಎಷ್ಟು ನೀರು ಬೇಕು ಅವಕ್ಕೆ?"

ಅಲ್ಲಿಂದ ಕೆಲಸ ಶುರುವಾಯಿತು. ತಾತನ ಕಾಲದ ಮಣ್ಣಿನ ಕಾಲುವೆಯಲ್ಲಿ ಹಳ್ಳದಿಂದ ಎಳೆದ ನೀರಿನ ದೊಡ್ಡ ಪಾಲು ದಾರಿಯಲ್ಲೇ ಸೋರಿ ಹೋಗುತ್ತಿತ್ತು. ಅದರ ಬದಲು ಪೈಪು ಹೂಳಿ, ಅದರ ಬಾಯಿಗೆ ಮೀನು ನುಗ್ಗದಂತೆ ಜಾಲರಿ ಹಾಕಿ, ಹೊಲಕ್ಕೆ ಸ್ಪ್ರಿಂಕ್ಲರ್ ಕೊಟ್ಟರೆ ಕಡಿಮೆ ನೀರಿನಲ್ಲಿ ಅಷ್ಟೇ ಹುಲ್ಲು ಬೆಳೆಯಬಹುದು. ಉಳಿದ ನೀರು ಹಳ್ಳದಲ್ಲೇ ಹರಿಯುತ್ತದೆ. ಹೀಗೆ ಮೀನಿಗಾಗಿ ಬಿಟ್ಟ ನೀರನ್ನು ರಾಜ್ಯ ಸರ್ಕಾರದ ಕಾವಲಿನಲ್ಲಿ ಇಡುವ ದಾರಿಯೊಂದು ಕಾನೂನಿನಲ್ಲಿ ಇತ್ತು. ಇಟ್ಟರೆ ಹಕ್ಕು ಹೋಗುವುದಿಲ್ಲ, ಕೆಳಗಿನವರು ಅದನ್ನು ಎತ್ತಿಕೊಳ್ಳುವಂತೆಯೂ ಇಲ್ಲ. ಅಜ್ಜಿ ಹಾಕಿದ್ದು ಒಂದೇ ಷರತ್ತು. "ಹಕ್ಕು ನನ್ನ ಹೆಸರಲ್ಲೇ ಇರ್ಬೇಕು. ಮೀನು ನನ್ನ ನೀರಲ್ಲಿ ಈಜಲಿ."

ಆ ಚಳಿಗಾಲವಿಡೀ ನಾನು ವಾರಕ್ಕೊಮ್ಮೆಯಾದರೂ ಬೆಟ್ಟ ದಾಟಿ ಹೋಗುತ್ತಿದ್ದೆ. ಮಾಂಸವೇ ಜೀವನವಾದ ಮನೆ ಅದು. ಮೊದಮೊದಲು ನಾನು ಬುತ್ತಿ ಕಟ್ಟಿಕೊಂಡು ಹೋಗಿ ಕಾರಿನಲ್ಲೇ ತಿಂದು ಒಳಗೆ ಹೋಗುತ್ತಿದ್ದೆ. ಒಂದು ದಿನ ಅಜ್ಜಿ ಅದನ್ನು ಕಿಟಕಿಯಿಂದ ನೋಡಿಬಿಟ್ಟಳು. ಮುಂದಿನ ವಾರ ಹೋದಾಗ ಒಲೆಯ ಮೇಲೆ ಹೊಸ ಪಾತ್ರೆಯೊಂದಿತ್ತು. "ಇದು ನಿನ್ನದು. ಇದರಲ್ಲಿ ಮಾಂಸ ಬೇಯಿಸಿಲ್ಲ, ಬೇಯಿಸೋದೂ ಇಲ್ಲ," ಅಂದಳು. ಒಳಗೆ ಬೀನ್ಸು, ಆಲೂಗಡ್ಡೆ, ಉಪ್ಪು, ಅಷ್ಟೇ. ನಾನು ತಂದಿದ್ದ ಶೇಂಗಾ ಚಟ್ನಿಪುಡಿಯನ್ನು ಇಬ್ಬರೂ ಅದರ ಮೇಲೆ ಉದುರಿಸಿಕೊಂಡು ತಿಂದೆವು. ಊರು ಬಿಟ್ಟ ಮೇಲೆ ಯಾರೋ ನನಗೆಂದು ಬೇರೆ ಪಾತ್ರೆ ಇಟ್ಟಿದ್ದು ಅದೇ ಮೊದಲು. ಅವತ್ತು ಒಂದು ಚೂರೂ ಉಳಿಸದೆ ತಟ್ಟೆ ಬಳಿದು ತಿಂದೆ.

ಪೈಪು ಹೂಳಿ ಮುಗಿಯಿತು. ಆದರೆ ಆ ವರ್ಷ ಬೆಟ್ಟದ ಮೇಲೆ ಹಿಮವೇ ಬೀಳಲಿಲ್ಲ. ಸಿಯಾಟಲ್‌ನಲ್ಲಿ ಜನ ಫೆಬ್ರವರಿಯ ಬಿಸಿಲಿಗೆ ಖುಷಿಪಟ್ಟು ಸರೋವರದ ದಂಡೆಯಲ್ಲಿ ಅಡ್ಡಾಡುತ್ತಿದ್ದರು. ನಾನು ಹೆದ್ದಾರಿಯಲ್ಲಿ ಹೋಗುವಾಗ ಎರಡೂ ಕಡೆಯ ಬೋಳು ಇಳಿಜಾರುಗಳನ್ನು ನೋಡಿ ಕಂಗಾಲಾಗುತ್ತಿದ್ದೆ. ಬೇಸಿಗೆಯ ಹಳ್ಳಕ್ಕೆ ನೀರು ಬರುವುದು ಆ ಹಿಮ ಕರಗಿ. ಬೇಕಾದರೆ ಒಪ್ಪಂದವನ್ನು ಒಂದು ವರ್ಷ ಮುಂದೂಡಬಹುದೆಂದು ಅಜ್ಜಿಗೆ ತಿಳಿಸು ಎಂದರು ಕಚೇರಿಯ ಹಿರಿಯರು. ತಿಳಿಸಿದೆ.

ಅಜ್ಜಿ ಕೇಳಿದಳು, "ನೀರು ಜಾಸ್ತಿ ಇರೋ ವರ್ಷ ಮೀನಿಗೆ ನನ್ನಿಂದ ಏನಾಗ್ಬೇಕು? ಅವಕ್ಕೆ ನೀರು ಬೇಕಾಗಿರೋದು ಈ ವರ್ಷ ತಾನೇ?"

ಹೀಗೆ ಆ ಒಣ ವರ್ಷದಲ್ಲೇ ಮೊದಲ ಸಲ ಆಕೆಯ ಗೇಟಿನ ಕೆಳಗೆ ಆಗಸ್ಟ್‌ನಲ್ಲೂ ಹಳ್ಳ ಹರಿಯಿತು. ತೊಂದರೆ ಬಂದದ್ದು ಕೆಳಗಿನ ರ‍್ಯಾಂಚಿನಿಂದ.

ಕೆಳಗಿನ ರ‍್ಯಾಂಚು ಆಕೆಯ ತಮ್ಮನದು, ಚಿಕ್ಕಂದಿನಲ್ಲಿ ಜೊತೆಗೆ ಮೀನು ಆರಿಸುತ್ತಿದ್ದ ಅದೇ ತಮ್ಮ. ಅವನಿಗೂ ಎಪ್ಪತ್ತರ ಹತ್ತಿರ. ಅಪ್ಪ ತೀರಿಕೊಂಡಾಗ ಆಸ್ತಿ ಪಾಲಾಗಿ, ಮೇಲಿನ ಅರ್ಧ ಹಳೆಯ ನೀರಿನ ಹಕ್ಕಿನ ಸಮೇತ ಅಕ್ಕನಿಗೆ ಬಂತು. ಕೆಳಗಿನ ಅರ್ಧಕ್ಕೆ ಅಪ್ಪ ತಡವಾಗಿ ಪಡೆದ ಕಿರಿಯ ಹಕ್ಕಿತ್ತು, ಅದು ತಮ್ಮನಿಗೆ. ಅವತ್ತಿನಿಂದ ಇಬ್ಬರ ನಡುವೆ ದನ ಬೇಲಿ ಹಾರಿದರೆ ಮಾತ್ರ ಮಾತು. ಒಬ್ಬರ ಮನೆಗೆ ಒಬ್ಬರು ಕಾಲಿಡುತ್ತಿರಲಿಲ್ಲ.

ಹಳ್ಳದ ನೀರಿನ ಉಸ್ತುವಾರಿಯ ಅಧಿಕಾರಿ ಬಂದು ನಿಯಮದಂತೆ ತಮ್ಮನ ಗೇಟಿಗೆ ಬೀಗ ಹಾಕಿದ ದಿನ ನಾನು ಅಜ್ಜಿಯ ಅಂಗಳದಲ್ಲೇ ಇದ್ದೆ. ಅವನ ಪಿಕಪ್ ಗಾಡಿ ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಬಾಗಿಲು ತೆರೆಯುವ ಮೊದಲೇ ಅವನ ದನಿ ಕೇಳಿಸಿತು.

"ಮೀನಿಗೆ ಕೊಡ್ತೀಯ, ತಮ್ಮನಿಗೆ ಕೊಡಲ್ಲ! ನನ್ನ ಕಣ್ಣೆದುರಿಗೇ ನೀರು ಹರ್ಕೊಂಡ್ ಹೋಗ್ತಿದೆ, ನಾನು ಮುಟ್ಟೋ ಹಾಗಿಲ್ಲ!"

"ನಾನು ಬಿಡದೇ ಇದ್ದಿದ್ರೂ ನಿನಗೆ ಸಿಗ್ತಿರ್ಲಿಲ್ಲ. ಇಂಥ ವರ್ಷ ಎಲ್ಲಾ ನಾನೇ ಎಳ್ಕೋತಿದ್ದೆ," ಅಂದಳು ಅಜ್ಜಿ.

"ಆಗ ನಿನ್ನ ಕಾಲುವೆ ಸೋರಿದ್ದಾದ್ರೂ ನನಗೆ ಬರ್ತಿತ್ತು! ಅದನ್ನೂ ಪೈಪ್ ಹಾಕಿ ಮುಚ್ಚಿಬಿಟ್ಟೆ. ನನ್ನ ಕೆಳಗಿನ ಹುಲ್ಲುಗಾವಲು ಹೋಗಿ ನೋಡು, ಸುಟ್ಟು ಹೋಗಿದೆ. ದನಕ್ಕೆ ಏನು ಹಾಕ್ಲಿ?"

ನನ್ನ ಕಡೆಗೊಮ್ಮೆ ಉರಿಗಣ್ಣು ಬಿಟ್ಟ. ಅಜ್ಜಿಯ ಮುಖ ಬಿಗಿದಿತ್ತು. ಇನ್ನೇನು ದೊಡ್ಡ ಜಗಳವೇ ಆಗುತ್ತದೆ ಎಂದು ನಾನು ಹಿಂದೆ ಸರಿದೆ. ಆಕೆ ತಲೆಯೆತ್ತಿ ಗುಡ್ಡದ ಕಡೆ ನೋಡಿದಳು. ಆಮೇಲೆ ಹೇಳಿದಳು, "ಗುಡ್ಡದ ಮೇಲಿನ ಹುಲ್ಲು ಹಾಗೇ ಇದೆ. ನಿನ್ನ ದನ ತಂದು ಬಿಡು."

ಅವನು ಗಾಡಿ ಹತ್ತಿ ಹೋದ. ಅಜ್ಜಿ ಮೆಟ್ಟಿಲ ಮೇಲೆ ಕೂತಳು. "ಬರಲ್ಲ ಅವನು. ಹಟಮಾರಿ, ನಮ್ಮಪ್ಪನ ಹಾಗೇ," ಅಂದಳು.

ಮುಂದಿನ ವಾರ ನಾನು ಹೋದಾಗ ಗುಡ್ಡದ ಹುಲ್ಲಿನಲ್ಲಿ ಬೇರೆ ಬಣ್ಣದ ಕಿವಿಪಟ್ಟಿಯ ದನಗಳು ಮೇಯುತ್ತಿದ್ದವು. "ಯಾವಾಗ ತಂದು ಬಿಟ್ರು?" ಎಂದು ಕೇಳಿದೆ. "ನಾನು ಪೇಟೆಗೆ ಹೋಗಿದ್ದಾಗ," ಅಂದಳು ಅಜ್ಜಿ. "ಬೇಲಿ ಗೇಟು ಸರಿಯಾಗೇ ಹಾಕ್ಕೊಂಡ್ ಹೋಗಿದಾನೆ." ಅದನ್ನು ಹೇಳುವಾಗ ಅವಳ ಮುಖದಲ್ಲಿದ್ದ ಹೆಮ್ಮೆ ನೋಡಬೇಕಿತ್ತು.

ತಮ್ಮ ಹೇಳಿದ ಬಸಿನೀರಿನ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ನಮ್ಮ ಕಡೆ ಕಾಲುವೆಯ ಬಸಿನೀರು ಎಂದರೆ ಶಾಪ. ಹೊಲ ಸವಳು-ಜವಳಾಗಿ ಜೋಳ ಕೂಡ ಬೆಳೆಯದಂತಾಗುತ್ತದೆ. ಇಲ್ಲಿ ಅದೇ ಬಸಿನೀರನ್ನು ಕುಡಿದು ಒಬ್ಬರ ಹುಲ್ಲು ಬೆಳೆದಿತ್ತು. ಧೈರ್ಯ ಮಾಡಿ ಅವನ ಮನೆಗೆ ಹೋದೆ. ಹೊಲ ತೋರಿಸಿ ಎಂದೆ. ಅವನು ಮುಂದೆ ಮುಂದೆ ನಡೆದ. ಹಳೆಯ ಕಾಲುವೆಯ ಗುಂಟ ಸಾಲಾಗಿದ್ದ ಪೊದೆಗಳು ಒಣಗಿದ್ದವು. ಅದರ ಕೆಳಗಿನ ಹುಲ್ಲು ಬೆಳ್ಳಗಾಗಿತ್ತು. ನೆಲ ಅಗೆದು ನೋಡಿದೆ, ಮೊದಲು ಎಲ್ಲಿಯವರೆಗೆ ತೇವವಿತ್ತು ಎಂಬ ಗೆರೆ ಮಣ್ಣಿನಲ್ಲೇ ಕಾಣುತ್ತಿತ್ತು.

"ನೀವು ಹೇಳಿದ್ದು ನಿಜ. ಪೈಪ್ ಹಾಕಿದ್ದರಿಂದಲೇ ಇದು ಒಣಗಿರೋದು," ಅಂದೆ.

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಜಗಳ ಮಾಡ್ಬೇಕು ಅಂತಿದ್ದೆ. ನೀನು ಒಪ್ಪಿಬಿಟ್ಯಲ್ಲ."

ಆಗ ನಾನು ಮನಸ್ಸಿನಲ್ಲಿದ್ದದ್ದನ್ನು ಹೇಳಿದೆ. ಅಕ್ಕನ ಪೈಪನ್ನೇ ಮುಂದುವರಿಸಿ ಅವನ ಹೊಲಕ್ಕೂ ತರಬಹುದು. ಸ್ಪ್ರಿಂಕ್ಲರ್ ಹಾಕಿದರೆ ಅವನಿಗೂ ಮೊದಲಿಗಿಂತ ಕಡಿಮೆ ನೀರು ಸಾಕು. ಹಾಗಾದರೆ ಅವನು ಪ್ರತಿ ವರ್ಷ ಟ್ರ್ಯಾಕ್ಟರ್‌ನಿಂದ ಕಲ್ಲು ತಳ್ಳಿ ಹಳ್ಳಕ್ಕೆ ಅಡ್ಡ ಕಟ್ಟುವ ಒಡ್ಡು ಬೇಕಾಗುವುದಿಲ್ಲ. ಸಮುದ್ರದಿಂದ ಬರುವ ದೊಡ್ಡ ಮೀನು ಮೇಲೆ ಹತ್ತದಂತೆ ತಡೆದಿದ್ದೇ ಆ ಒಡ್ಡು. ಹಳ್ಳ ಉಕ್ಕಿ ಕೆಂಪಾದ ವರ್ಷ ಒಂದೆರಡು ಯಾರ ಕಣ್ಣಿಗೂ ಬೀಳದೆ ಹೇಗೋ ದಾಟಿ ಮರಿ ಮಾಡುತ್ತಿದ್ದವು, ಅಷ್ಟೇ.

"ಅವಳ ಪೈಪಿಂದಾನಾ?"

"ಒಂದೇ ಪೈಪು. ಅವರಿಗೊಂದು ಗೇಟು, ನಿಮಗೊಂದು."

"ಅವಳು ಒಪ್ತಾಳಾ?"

ಅಜ್ಜಿಗೆ ಹೇಳಿದಾಗ ಆಕೆಯೂ ಅದನ್ನೇ ಕೇಳಿದಳು, "ಅವನು ಒಪ್ತಾನಾ?" ಮದುವೆ ಮಾತುಕತೆಗೆ ಓಡಾಡುವ ಸೋದರತ್ತೆಯ ಹಾಗೆ ನಾನು ಆ ಹೇಮಂತವಿಡೀ ಮೇಲಿನ ಮನೆಗೂ ಕೆಳಗಿನ ಮನೆಗೂ ತಿರುಗಿದೆ. ಕೊನೆಗೆ ಒಂದು ಮಳೆಯ ದಿನ ತಮ್ಮನೇ ಅಕ್ಕನ ಅಡುಗೆಮನೆಗೆ ಬಂದು ಕೂತ. ಗೇಟು ಎಲ್ಲಿರಬೇಕು ಎಂಬುದರ ಮೇಲೆ ಇಬ್ಬರೂ ಗಟ್ಟಿಯಾಗಿಯೇ ವಾದಿಸಿದರು. ವಾದ ನಿಧಾನಕ್ಕೆ ಅಪ್ಪ ಇದ್ದಿದ್ದರೆ ಎಲ್ಲಿ ಇಡುತ್ತಿದ್ದ ಎಂಬಲ್ಲಿಗೆ ಬಂತು. ಆಮೇಲೆ ಅಪ್ಪನ ಕುದುರೆಗಳ ಕಡೆ ಹೋಯಿತು. ನಾನು ನಕ್ಷೆ ಮಡಚಿಟ್ಟು ಸುಮ್ಮನೆ ಕೇಳುತ್ತಿದ್ದೆ. ನಾವು ಹೊರಡುವ ಮೊದಲು ಅಜ್ಜಿ ಒಂದು ಮಾತು ಸೇರಿಸಿದಳು. ಬರದ ವರ್ಷ ತಮ್ಮನ ಪಾಲು ನಿಂತರೆ, ಹಳ್ಳಕ್ಕೆ ಬಿಡುವುದನ್ನು ಬಿಟ್ಟು ಉಳಿದ ತನ್ನ ನೀರಿನಲ್ಲಿ ಅವನ ಹೊಲಕ್ಕೂ ಒಂದು ಭಾಗ ಹರಿಯಬೇಕು, ಹಾಗೆಂದು ಒಪ್ಪಂದದಲ್ಲಿ ಬರೆ ಎಂದಳು. ತಮ್ಮ ಎದ್ದು ಹೋಗಿ ಕಾಫಿ ಪಾತ್ರೆ ತಂದು ಅಕ್ಕನ ಬಟ್ಟಲು ತುಂಬಿಸಿದ.

ಇದಕ್ಕೆಲ್ಲ ಸರ್ಕಾರದ ಒಪ್ಪಿಗೆ ಸಿಗಲು ಸಾಕಷ್ಟು ಕಾಲ ಹಿಡಿಯಿತು. ಅಂತೂ ಮರುವರ್ಷದ ಸೆಪ್ಟೆಂಬರಿನಲ್ಲಿ, ಹಳ್ಳದ ನೀರು ತೀರಾ ಕೆಳಗಿದ್ದಾಗ, ಒಡ್ಡು ತೆಗೆಯಲು ಯಂತ್ರ ತಂದೆವು. ತಮ್ಮ ಮುಂದೆ ಬಂದು ಅದರ ಚಾಲಕನನ್ನು ಪಕ್ಕಕ್ಕೆ ಸರಿಸಿದ. "ವರ್ಷಾ ವರ್ಷಾ ಇದನ್ನ ಕಟ್ಟಿದೋನು ನಾನು. ಮೊದಲ ಕಲ್ಲು ನಾನೇ ತೆಗೀತೀನಿ," ಅಂದ. ತನ್ನ ಟ್ರ್ಯಾಕ್ಟರನ್ನೇ ತಂದು ಎಳೆದ. ತಡೆದು ನಿಂತಿದ್ದ ನೀರು ಕಲ್ಲುಗಳ ಮಧ್ಯೆ ಹಾದಿ ಮಾಡಿಕೊಂಡು ಮೆಲ್ಲಗೆ ಇಳಿದುಹೋಯಿತು.

ದಡದ ಗುಂಟ ದನ ಬರದ ಹಾಗೆ ಬೇಲಿ ಹಾಕಿದ ಮೇಲೆ ಗಿಡ ನೆಡುವುದು ಉಳಿದಿತ್ತು. ನೆರಳಿಲ್ಲದಿದ್ದರೆ ನೀರು ಬಿಸಿಯಾಗುತ್ತದೆ. ನವೆಂಬರಿನ ಒಂದು ಶನಿವಾರ ನ್ಯೂಕ್ಯಾಸಲ್, ಶೋರ್‌ಲೈನ್ ಕಡೆಯ ನಮ್ಮ ಕನ್ನಡದ ಮನೆಯವರೆಲ್ಲ ಕಾರುಗಳಲ್ಲಿ ಬಂದಿಳಿದರು. ನಾನು ಕರೆದದ್ದು ನಾಲ್ಕು ಮನೆಯವರನ್ನು. ಪಿಕ್ನಿಕ್ ಎಂದು ಸುದ್ದಿಯಾಗಿ ಬಹಳ ಮಂದಿ ಬಂದಿದ್ದರು. ವಿಲ್ಲೋ ಮರದ ಕಡ್ಡಿಗಳನ್ನು ಕಡಿದು ಒದ್ದೆ ಮಣ್ಣಿಗೆ ಹೊಡೆಯುವುದಷ್ಟೇ ಕೆಲಸ, ಅವು ತಾವೇ ಬೇರು ಬಿಟ್ಟು ಚಿಗುರುತ್ತವೆ. ಪಕ್ಕದ ಮನೆಯ ಹುಡುಗಿಯೊಬ್ಬಳು ಅಮ್ಮನ ಮಾತಿಗೆ ಇಂಗ್ಲಿಷಿನಲ್ಲಿ, "ಬಟ್ ಇಟ್ಸ್ ಜಸ್ಟ್ ಎ ಸ್ಟಿಕ್," ಎಂದು ರಾಗ ಎಳೆದಳು. ಅಜ್ಜಿ ಅವಳನ್ನು ಕೂರಿಸಿಕೊಂಡು, ಕಡ್ಡಿಯ ಮೇಲಿನ ಸಣ್ಣ ಮೊಗ್ಗು ತೋರಿಸಿ, ಯಾವ ತುದಿ ಮೇಲೆ ಯಾವುದು ಕೆಳಗೆ ಎಂದು ಹೇಳಿಕೊಟ್ಟಳು. ನನ್ನವರು ದೊಡ್ಡ ಕುಕ್ಕರಿನಲ್ಲಿ ಬಿಸಿಬೇಳೆಭಾತ್ ತಂದಿದ್ದರು. ಅಜ್ಜಿಯ ತಮ್ಮ ಖಾರಕ್ಕೆ ಹಣೆಯ ಬೆವರು ಒರೆಸಿಕೊಳ್ಳುತ್ತ, ಮೂಗು ಸೊರಸೊರ ಎನ್ನುತ್ತಿದ್ದರೂ, ಎರಡನೆಯ ಸಲ ತಟ್ಟೆ ಚಾಚಿದ. "ಸಾಕು ಮಾಡು, ರಾತ್ರಿ ಹೊಟ್ಟೆ ಹಿಡ್ಕೊಂಡ್ ಕೂರ್ತೀಯ," ಎಂದು ಅಜ್ಜಿ ಗದರಿದಳು. ಅವನು ಕೇಳುತ್ತ ಕೇಳುತ್ತಲೇ ತಿಂದ.

ವಸಂತದಲ್ಲಿ ಒಂದು ಬೆಳಿಗ್ಗೆ ನಾನು ಕಚೇರಿಗೆ ಹೊರಡುತ್ತಿದ್ದಾಗ ಫೋನು ಬಂತು. ಅಜ್ಜಿ ಇರಬೇಕೆಂದು ಎತ್ತಿದರೆ ಆಕೆಯ ತಮ್ಮ. ಅವನು ಅದುವರೆಗೆ ನನಗೆ ಫೋನು ಮಾಡಿದವನೇ ಅಲ್ಲ.

"ಇವತ್ತು ಬರೋಕಾಗುತ್ತಾ? ಬೇಗ ಬಾ. ಫೋನಲ್ಲಿ ಹೇಳೋದಲ್ಲ."

ಏನು ಕೆಟ್ಟದಾಯಿತೋ, ಪೈಪು ಒಡೆಯಿತೋ, ಅಜ್ಜಿಗೇ ಏನಾದರೂ ಆಯಿತೋ ಎಂದು ದಾರಿಯುದ್ದಕ್ಕೂ ಹೆದರಿಕೊಂಡೇ ಹೋದೆ. ಅವನ ಹೊಲದ ಅಂಚಿನಲ್ಲಿ ಕಾರು ನಿಲ್ಲಿಸಿದರೆ, ಅಕ್ಕ ತಮ್ಮ ಇಬ್ಬರೂ ದಡದ ಮೇಲೆ ಬಕೆಟ್ಟು ಬೋರಲು ಹಾಕಿ ಕೂತಿದ್ದರು. ಅಜ್ಜಿ ನನ್ನನ್ನು ನೋಡಿ ಬಾಯಿಯ ಮೇಲೆ ಬೆರಳಿಟ್ಟಳು. ಬಗ್ಗಿ ನಡೆದು ಹತ್ತಿರ ಹೋದೆ.

ಒಡ್ಡು ಇದ್ದ ಜಾಗದಿಂದ ಸ್ವಲ್ಪ ಮೇಲೆ, ತಿಳಿನೀರಿನಲ್ಲಿ, ನನ್ನ ತೋಳಿನಷ್ಟು ಉದ್ದದ ಎರಡು ಮೀನು. ಬೆನ್ನು ಕಲ್ಲಿನ ಬಣ್ಣಕ್ಕೇ ಇದ್ದದ್ದರಿಂದ ಮೊದಲು ಕಾಣಿಸಲೇ ಇಲ್ಲ. ಒಂದರ ಪಕ್ಕೆಯ ಮೇಲೆ ಕೆಂಪು ಪಟ್ಟೆ. ಇನ್ನೊಂದು, ಅಂದರೆ ಹೆಣ್ಣು, ಆಗಾಗ ಒಂದು ಮಗ್ಗುಲಿಗೆ ಹೊರಳಿ ಬಾಲದಿಂದ ನೆಲವನ್ನು ಪಟಪಟ ಬಡಿಯುತ್ತಿತ್ತು. ಬಡಿದಾಗಲೆಲ್ಲ ಸಣ್ಣ ಕಲ್ಲುಗಳು ಎದ್ದು ಹಿಂದಕ್ಕೆ ಬೀಳುತ್ತಿದ್ದವು. ಮೊಟ್ಟೆಯಿಡಲು ಗುಂಡಿ ಮಾಡಿಕೊಳ್ಳುತ್ತಿತ್ತು. ಎಷ್ಟು ದೂರದ ಸಮುದ್ರ, ಎಷ್ಟು ದೊಡ್ಡ ನದಿ, ಅದರಲ್ಲಿ ಎಷ್ಟು ಅಣೆಕಟ್ಟು, ಅವನ್ನೆಲ್ಲ ಹಾದು ಇವು ಈ ಇಬ್ಬರು ಮುದುಕರ ಹೊಲದ ಅಂಚಿಗೆ ಬಂದಿದ್ದವು. ನಾನು ಕಣ್ಣೊರೆಸಿಕೊಂಡೆ. ಪಕ್ಕಕ್ಕೆ ನೋಡಿದರೆ ತಮ್ಮನೂ ಟೋಪಿಯಿಂದ ಮುಖ ಒರೆಸಿಕೊಳ್ಳುತ್ತಿದ್ದ.

"ಇಲ್ಲಿ ಇಷ್ಟು ದೊಡ್ಡ ಮೀನು ನಾನು ನೋಡೇ ಇಲ್ಲ. ನೀನು?" ಎಂದು ಪಿಸುಗುಟ್ಟಿದ.

"ತಾತ ಹೇಳ್ತಿದ್ದ. ಸುಳ್ಳು ಹೇಳ್ತಾನೆ ಅನ್ಕೊಂಡಿದ್ದೆ," ಅಂದಳು ಅಕ್ಕ.

ನನಗೆ ಆ ಇಬ್ಬರಿಗೂ ಹೇಳಬೇಕಾದ್ದು ಬಹಳ ಇತ್ತು. ಬೇರೆ ದೇಶದಿಂದ ಬಂದ, ಮೀನನ್ನೇ ಮುಟ್ಟದ ಹೆಂಗಸೊಬ್ಬಳನ್ನು ನಂಬಿ ತಮ್ಮ ತಾತನ ನೀರನ್ನು ಅವಳ ಮಾತಿನ ಮೇಲೆ ಬಿಟ್ಟಿದ್ದರು. ಆ ದೇಶದಲ್ಲಿ ನನಗೂ ಒಂದು ಕೆಲಸವಿದೆ, ನನ್ನಿಂದ ಆಗುವುದೊಂದಿದೆ ಎಂದು ನನಗೆ ಅನ್ನಿಸಿದ್ದು ಅವರ ಹೊಲದಲ್ಲಿ. ಆಮೇಲೆ ಅಂಥ ಎಷ್ಟೋ ಹಳ್ಳಗಳಿಗೆ ಹೋದೆ. ಒಪ್ಪದ ಮನೆಗಳವರನ್ನು ಈ ಅಜ್ಜಿಯ ಅಡುಗೆಮನೆಗೆ ಕರೆತಂದು ಕೂರಿಸಿದರೆ ಅರ್ಧ ಕೆಲಸ ಮುಗಿಯುತ್ತಿತ್ತು. ಆದರೆ ಅವತ್ತು ಥ್ಯಾಂಕ್ಸ್ ಎಂದು ಶುರುಮಾಡಿದೆನಷ್ಟೇ. ಅಜ್ಜಿ ನನ್ನ ಬೆನ್ನು ತಟ್ಟಿ, "ಶ್, ಮೀನು ಹೆದರ್ತವೆ," ಅಂದಳು.

ಬಿಸಿಲು ಏರಿದ ಮೇಲೆ ತಮ್ಮ ಎದ್ದು ಪ್ಯಾಂಟಿನ ಮಣ್ಣು ಕೊಡವಿದ. ಅಕ್ಕನಿಗೆ ಕೈ ಕೊಟ್ಟು ಎಬ್ಬಿಸಿದ. ತನ್ನ ಮನೆಯ ಕಡೆ ತಲೆಯಾಡಿಸಿ, "ಊಟ ಮಾಡ್ಕೊಂಡ್ ಹೋಗು," ಅಂದ. ಅಜ್ಜಿ ಸ್ವಲ್ಪ ಹೊತ್ತು ಆ ಮನೆಯನ್ನೇ ನೋಡಿದಳು. ಪಾಲಾದ ಮೇಲೆ ಆಕೆ ಅದರೊಳಗೆ ಹೋಗಿರಲಿಲ್ಲ. ಆಮೇಲೆ ನಡೆಯತೊಡಗಿದಳು. ಅಕ್ಕ ತಮ್ಮಂದಿರ ನಡುವೆ ನಾನೇಕೆ ಎಂದು ನಾನು ಕಾರಿನ ಕಡೆ ತಿರುಗಿದರೆ ಇಬ್ಬರೂ ಒಟ್ಟಿಗೆ ಕೂಗಿದರು, "ಎಲ್ಲಿಗೆ ಹೊರಟೆ? ನೀನೂ ಬಾ!"

ಹೋದೆ. ಏನು ಮಾಡಿ ಹಾಕಬೇಕೆಂದು ತಿಳಿಯದೆ ತಮ್ಮ ಮೂರು ಸಲ ಫ್ರಿಜ್ಜಿನ ಬಾಗಿಲು ತೆರೆದು ಮುಚ್ಚಿದ. ಕೊನೆಗೆ ಅಜ್ಜಿಯೇ ಅವನನ್ನು ಸರಿಸಿ ಮೊಟ್ಟೆಯ ಡಬ್ಬಿ ಒಳಗಿಟ್ಟು, ಬ್ರೆಡ್ಡಿಗೆ ಚೀಸ್ ಹಾಕಿ ಕಾಯಿಸಿದಳು. ಮೂವರೂ ಕಿಟಕಿಯ ಹತ್ತಿರ ಮೇಜು ಎಳೆದುಕೊಂಡು ಊಟಕ್ಕೆ ಕೂತೆವು.